ಬಾತ ಕಾಲಿಗೆ ಕಟ್ಟುವ ಪಟ್ಟಿ

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ 14 ಬಗೆಯ ಕಟ್ಟುಗಳ ವಿವರಣೆ ಇದೆ. ಕೋಶ, ದಾಮ, ಸ್ವಸ್ತಿಕ ಮುಂತಾದ ಅವುಗಳಲ್ಲಿ ಕೈಕಾಲಿಗೆ ಹೇಳಿರುವುದು ‘ಅನುವೇಲ್ಲಿತ’, ಸುತ್ತಿಕೊಂಡು ಮೇಲೇರುವ ಕಟ್ಟು. ಬಿಗಿತದಲ್ಲೂ ಗಾಢ, ಸಮ, ಶಿಥಿಲ ಎಂಬ ಮೂರು ಹದ: ತೊಡೆ, ತಲೆಗೆ ಗಾಢ, ಕಣ್ಣಿಗೂ ಕೀಲಿಗೂ ಶಿಥಿಲ, ಕೈಕಾಲಿಗೆ ಸಮ. ಪಟ್ಟಿಗೆ ಹತ್ತಿ, ರೇಷ್ಮೆ, ಉಣ್ಣೆ ಎಲ್ಲವೂ ಆಗುತ್ತಿತ್ತು. ಬಟ್ಟೆಗೆ ಈ ನಾಡಿನಲ್ಲಿ ಕೊರತೆ ಇರಲಿಲ್ಲ. ತುಮಕೂರು ಜಿಲ್ಲೆಯನ್ನೇ ನೋಡಿದರೆ, ಶಿರಾ, ಮಧುಗಿರಿ ಕಡೆ ಕುರುಬರ ಕಂಬಳಿ, ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ರೇಷ್ಮೆ ಮಗ್ಗ ಎಂದು ಒಂದೊಂದು ಊರಿಗೂ ಅದರದೇ ನೇಯ್ಗೆಯಿತ್ತು.

ಅದೇ ಗ್ರಂಥ ಆನೆಕಾಲು ರೋಗವನ್ನು ‘ಶ್ಲೀಪದ’ ಎಂದು ಕರೆದು, ಹಳೆಯ ನೀರು ನಿಂತು ಸದಾ ತಂಪಾಗಿರುವ ಸೀಮೆಗಳಲ್ಲಿ ಅದು ಹೆಚ್ಚು ಎಂದು ಗುರುತಿಸಿತ್ತು. ಆದರೆ ಅದಕ್ಕೆ ಹೇಳಿದ ಮುಖ್ಯ ಚಿಕಿತ್ಸೆ ರಕ್ತ ತೆಗೆಯುವುದು ಮತ್ತು ಲೇಪ ಹಚ್ಚುವುದು. ಕಟ್ಟಿನ ಅಧ್ಯಾಯ ಗಾಯಕ್ಕೆ ಮೀಸಲಾಗಿ ಉಳಿಯಿತು. ವರ್ಷ ದಾಟಿ ಹುತ್ತದಂತೆ ಬೆಳೆದ ಕಾಲನ್ನು ವೈದ್ಯ ಕೈಬಿಡಬೇಕು ಎಂಬುದೇ ಶಾಸ್ತ್ರದ ತೀರ್ಪು. ಈಗಿನ ಬಿಗಿಪಟ್ಟಿಯ ಮುಂದೆ ಬಂದು ಕೂರುವುದು ಹೆಚ್ಚಾಗಿ ಅಂಥ ಕಾಲೇ.

ಬಾವಿನ ಕಾರಣ ತಿಳಿಯಲು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ ಬರಬೇಕಾಯಿತು. ಕಲ್ಕತ್ತದಲ್ಲಿ ಟಿಮೊಥಿ ಲೂಯಿಸ್ 1872ರಲ್ಲಿ ರೋಗಿಗಳ ರಕ್ತದಲ್ಲಿ ಸೂಕ್ಷ್ಮ ಹುಳುಗಳನ್ನು ಕಂಡರು. 1877ರಲ್ಲಿ ಚೀನಾದ ಅಮೋಯ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಆ ಹುಳು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ತೋರಿಸಿದರು. ಹುಳು ದುಗ್ಧನಾಳಗಳಲ್ಲಿ ನೆಲೆಸಿ ಅವನ್ನು ಕೆಡಿಸುತ್ತದೆ. ಹರಿಯಬೇಕಾದ ದುಗ್ಧರಸ ಕಾಲಲ್ಲೇ ನಿಲ್ಲುತ್ತದೆ. ಹುಳುವಿನ ಮೇಲೆ ಕೆಲಸ ಮಾಡುವ ಡೈಇಥೈಲ್ ಕಾರ್ಬಮಜೈನ್ 1947ರಲ್ಲಿ ಬಂತು. ಅದನ್ನು ಕಂಡುಹಿಡಿದದ್ದು ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಮುಂದಾಳತ್ವದ ಅಮೆರಿಕದ ಸಂಶೋಧನಾ ತಂಡ. ಹುಳು ಸತ್ತರೂ ಕೆಟ್ಟ ನಾಳ ಸರಿಹೋಗದು, ಬಾತ ಕಾಲು ಬಾತೇ ಇರುತ್ತದೆ. ಭಾರತದ ಫೈಲೇರಿಯಾ (ಆನೆಕಾಲು ರೋಗ) ನಿಯಂತ್ರಣ ಕಾರ್ಯಕ್ರಮ 1955ರಲ್ಲಿ ಆರಂಭವಾಯಿತಾದರೂ, ಅದರ ಗಮನ ಬಹುಕಾಲ ಸೊಳ್ಳೆ ಮತ್ತು ಮಾತ್ರೆಯ ಮೇಲೆಯೇ ಇತ್ತು.

ಬಿಗಿ ಕಾಲುಚೀಲ ಹುಟ್ಟಿದ್ದು ಬೇರೆ ದಾರಿಯಲ್ಲಿ. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಹದಗೊಳಿಸಿದ ರಬ್ಬರಿಗೆ ಪೇಟೆಂಟ್ ಪಡೆದ ಮೇಲೆ, 1848ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರೌನ್ ರಬ್ಬರ್ ದಾರದ ಕಾಲುಚೀಲಕ್ಕೆ ಪೇಟೆಂಟ್ ಪಡೆದರು. ಅದರ ಅಳತೆಗೆ ತರ್ಕ ಕೊಟ್ಟವರು ಅಮೆರಿಕದ ಎಂಜಿನಿಯರ್ ಕಾನ್ರಾಡ್ ಜೋಬ್ಸ್ಟ್. ಕಾಲಿನ ರಕ್ತನಾಳದ ತೊಂದರೆಯಿದ್ದ ಅವರಿಗೆ ಈಜುಕೊಳದಲ್ಲಿ ನಿಂತಾಗ ನೋವು ತಗ್ಗುತ್ತಿತ್ತು. ನೀರು ಆಳಕ್ಕಿಳಿದಷ್ಟೂ ಒತ್ತಡ ಹೆಚ್ಚು. ಹಾಗೆಯೇ ಚೀಲದ ಒತ್ತಡ ಹಿಮ್ಮಡಿಗಂಟಿನಲ್ಲಿ ಹೆಚ್ಚಿದ್ದು ಮೇಲಕ್ಕೆ ಕಡಿಮೆಯಾಗಬೇಕು. 1950ರಲ್ಲಿ ಅವರು ಕಂಪನಿ ತೆರೆದರು.

ಕರ್ನಾಟಕದಲ್ಲಿ ಆನೆಕಾಲು ರೋಗ ಹಬ್ಬಿದ್ದು ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ವಿಜಯಪುರ, ಬಾಗಲಕೋಟೆ ಮತ್ತು ಕರಾವಳಿಯ ಮೂರು ಜಿಲ್ಲೆಗಳಲ್ಲಿ. ತುಮಕೂರು ಆ ಪಟ್ಟಿಯಲ್ಲಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಭಾಗದಲ್ಲಿ ಕೈಕಾಲು ಬಾಯುವುದಕ್ಕೆ ಕಾರಣ ಹುಡುಕಬೇಕಾದದ್ದು ಬೇರೆಡೆ: ಉಬ್ಬಿದ ರಕ್ತನಾಳ, ಮೊಲೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗ್ರಂಥಿ ತೆಗೆದ ನಂತರದ ಕೈ ಬಾವು, ಹೃದಯ–ಮೂತ್ರಪಿಂಡಗಳ ರೋಗ. ಕೊನೆಯದಕ್ಕೆ ಪಟ್ಟಿ ಉತ್ತರವಲ್ಲ. ರಕ್ತಸಂಚಾರ ಕುಂದಿದ ಕಾಲಿಗೆ ಬಿಗಿಯುವುದಂತೂ ಅಪಾಯ.

ಕನ್ನಡ ಮಾತಿನ ಸೀಮೆಯಲ್ಲಿ ಬಟ್ಟೆಯ ಕಟ್ಟನ್ನು ಬಾವಿಗೆ ಕ್ರಮಬದ್ಧವಾಗಿ ಜೋಡಿಸಿದ ಕೆಲಸ ನಡೆದದ್ದು ಕೇರಳದ ಕಾಸರಗೋಡಿನಲ್ಲಿ. ಅಲ್ಲಿ ಚರ್ಮರೋಗ ತಜ್ಞ ಎಸ್.ಆರ್. ನರಹರಿ 1999ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಸ್ಥಾಪಿಸಿದರು. ಅಲೋಪತಿ, ಆಯುರ್ವೇದ, ಯೋಗ ಬಲ್ಲವರು ಅಲ್ಲಿ ಒಂದೇ ರೋಗಿಯನ್ನು ನೋಡುತ್ತಾರೆ. ಆಕ್ಸ್‌ಫರ್ಡಿನ ಚರ್ಮತಜ್ಞ ಟೆರೆನ್ಸ್ ರಯಾನ್ ಅವರ ಮಾರ್ಗದರ್ಶನವೂ ದೊರೆಯಿತು. ಕಾಲನ್ನು ಸೋಪಿನಿಂದ ತೊಳೆದು ಬೆರಳ ಸಂದಿ ಒರೆಸುವುದು, ಮೂಲಿಕೆಯ ನೀರಿನಲ್ಲಿ ನೆನೆಸುವುದು, ಯೋಗದ ಚಲನೆ, ಮೃದುವಾಗಿ ನೀವುವುದು, ಆಮೇಲೆ ಪಟ್ಟಿ: ಇದು ನಿತ್ಯದ ಕ್ರಮ. ತೊಳೆಯುವ ಕೆಲಸ ಸಣ್ಣದಲ್ಲ. ಬಿರುಕಿನಿಂದ ರೋಗಾಣು ಒಳಹೊಕ್ಕು ಬರುವ ನಡುಕದ ಜ್ವರ ಪ್ರತಿ ಸಲವೂ ಬಾವನ್ನು ಒಂದು ಹೆಜ್ಜೆ ಹೆಚ್ಚಿಸುತ್ತದೆ. ಪಟ್ಟಿ ಸುತ್ತುವುದನ್ನು ಮನೆಯವರಿಗೇ ಕಲಿಸಿದ್ದು ಈ ವಿಧಾನದ ನಿಜವಾದ ಹೊಸತನ. ಕಲಬುರಗಿ ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು.

ಬಾವು ಇಳಿಯುವವರೆಗೆ ಪಟ್ಟಿ, ಇಳಿದ ಅಳತೆಯನ್ನು ಹಿಡಿದಿಡಲು ಕಾಲುಚೀಲ ಎಂಬುದು ಈಗ ರೂಢಿ. ಕಡಿಮೆ ಹಿಗ್ಗುವ ಪಟ್ಟಿ ಕೂತಾಗ ಹಗುರ. ನಡೆದಾಗ ಮೀನಖಂಡ ಅದಕ್ಕೆ ಒತ್ತಿ ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ಕಾಲುಚೀಲಕ್ಕೆ ಅಳತೆ ತೆಗೆಯುವುದು ಬೆಳಿಗ್ಗೆ, ಬಾವು ಕಡಿಮೆಯಿರುವಾಗ. ಸುಮಾರು ಆರು ತಿಂಗಳಲ್ಲಿ ಅದರ ಬಿಗಿತ ಸಡಿಲವಾಗಿ ಹೊಸದು ಬೇಕಾಗುತ್ತದೆ. ಪಾವಗಡದ ಬೇಸಿಗೆಯಲ್ಲಿ ಹಗಲೆಲ್ಲ ಅದನ್ನು ತೊಟ್ಟಿರುವುದು ಸುಲಭವಲ್ಲ. ಬಿಚ್ಚಿಟ್ಟರೆ ಬಾವು ಮತ್ತೆ ತುಂಬಿಕೊಳ್ಳುತ್ತದೆ.