ಎಸ್‌ಪ್ರೆಸೊ ಕಪ್‌ನೊಳಗೆ ಮಂಗಳೂರಿನ ಮಳೆ

ಭಾಗ 1/7: ಯಾರ ಕಾಫಿ?

ಎಸ್‌ಪ್ರೆಸೊ ಇಟಲಿಯವರದ್ದು, ಫಿಲ್ಟರ್ ಕಾಫಿ ನಮ್ಮದು. ಕ್ಯಾಂಟೀನ್‌ನಲ್ಲಿ ಈ ಮಾತು ಬಂದರೆ ಯಾರೂ ಎದುರು ಮಾತಾಡುವುದಿಲ್ಲ. ಮನೆಯಲ್ಲಿ ಮೋಕಾ ಪಾಟ್ ಇಟ್ಟುಕೊಂಡವನಿಗೆ "ಎಂತ ಮಾರಾಯ, ದೊಡ್ಡ ಜನ ಆದೆಯಾ" ಅಂತ ತಮಾಷೆ ಬೇರೆ.

ಆದರೆ ಇಟಲಿಯವರ ಕಪ್‌ಗೆ ಬೀಜ ಎಲ್ಲಿಂದ ಹೋಗ್ತದೆ ಅಂತ ಕೇಳಿದವರು ಕಡಿಮೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಭಾರತದ ಕಾಫಿಯಲ್ಲಿ ಸುಮಾರು 70 ಶೇಕಡಾ ಬೆಳೆಯುವುದು ಕರ್ನಾಟಕದಲ್ಲಿ. ಅದರಲ್ಲೂ ಒಂದು ಬಗೆಯ ಕಾಫಿಗೆ ರುಚಿ ಬರುವುದು ತೋಟದಲ್ಲಿ ಅಲ್ಲ, ನಮ್ಮ ಊರಿನ ಗೋದಾಮಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಟ್ಟೆ ಒಣಗುವುದಿಲ್ಲ ಅಂತ ನಾವು ಬೈಯುವ ಅದೇ ಗಾಳಿಯಲ್ಲಿ.

ಈ ಸರಣಿ ಆ ಬೀಜದ ಬಗ್ಗೆ. ಕೊನೆಯ ಭಾಗದಲ್ಲಿ ಮನೆಯಲ್ಲಿ ಮಾಡುವ ಕ್ರಮವೂ ಉಂಟು, ಮೆಷಿನ್ ಇಲ್ಲದವರಿಗೂ. ಸೇವ್ ಮಾಡಿಕೊಳ್ಳಿ.

ಭಾಗ 2/7: ಘಟ್ಟ ಇಳಿದ ಗಾಡಿಗಳು

17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಅಂತ ಜನ ಹೇಳಿಕೊಂಡು ಬಂದಿದ್ದಾರೆ. ಈ ಕಥೆ ಶಾಲೆಯಲ್ಲೇ ಕೇಳಿದ್ದೇವೆ. ಆದರೆ ದೊಡ್ಡ ದೊಡ್ಡ ತೋಟ ಆದದ್ದು 19ನೇ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರ್‌ಗಳು ಚಿಕ್ಕಮಗಳೂರು, ಸಕಲೇಶಪುರ, ಕೊಡಗಿಗೆ ಬಂದ ಮೇಲೆ.

ಬೆಳೆದದ್ದು ಘಟ್ಟದ ಮೇಲೆ. ಅಲ್ಲಿ ಎರಡು ತೊಂದರೆ. ಒಂದು, ಹಡಗು ಇಲ್ಲ. ಎರಡು, ಬೀಜ ಪೂರ್ತಿ ಒಣಗಲಿಕ್ಕೆ ಕರಾವಳಿಯಷ್ಟು ಸೆಕೆ ಇಲ್ಲ. ಹಾಗಾಗಿ ತೋಟದಲ್ಲಿ ಅರ್ಧ ಕೆಲಸ ಮುಗಿಸಿ, ಉಳಿದದ್ದಕ್ಕೆ ಎತ್ತಿನ ಗಾಡಿಯಲ್ಲಿ ಕೆಳಗೆ ಕಳಿಸುತ್ತಿದ್ದರು. ಚಿಕ್ಕಮಗಳೂರು ಕಡೆಯಿಂದ ಚಾರ್ಮಾಡಿ ಇಳಿದು, ಕೊಡಗಿನಿಂದ ಸಂಪಾಜೆ ಇಳಿದು, ಮಂಗಳೂರಿಗೆ.

ಇಲ್ಲಿ ಎರಡು ಶಬ್ದ ನೆನಪಿಡಿ. ಹಣ್ಣಿನ ಸಿಪ್ಪೆ ತೆಗೆದು, ಒಳಗಿನ ತೆಳು ಹೊಟ್ಟಿನ ಸಮೇತ ಒಣಗಿಸಿದ್ದು ಪಾರ್ಚ್‌ಮೆಂಟ್. ಇಡೀ ಹಣ್ಣನ್ನೇ ಬಿಸಿಲಿಗೆ ಹಾಕಿ ಒಣಗಿಸಿದ್ದು ಚೆರ್ರಿ. ಎರಡೂ ಬಂದು ಸೇರುತ್ತಿದ್ದದ್ದು ಕ್ಯೂರಿಂಗ್ ವರ್ಕ್ಸ್‌ಗೆ. ಅಲ್ಲಿ ಕಣದಲ್ಲಿ ಮತ್ತೆ ಒಣಗಿಸಿ, ಹೊಟ್ಟು ಬಿಡಿಸಿ, ಗಾತ್ರ ನೋಡಿ ಬೇರೆ ಮಾಡಿ, ಕೆಟ್ಟದ್ದು ಹೆಕ್ಕಿ, ಗೋಣಿಗೆ ತುಂಬಿಸುವುದು. 1862ರಲ್ಲಿ ಕಲ್ಲಿಕೋಟೆಯಲ್ಲಿ ಶುರುವಾದ ಪಿಯರ್ಸ್ ಲೆಸ್ಲಿ, 1867ರಲ್ಲಿ ಕೊಚ್ಚಿಯಲ್ಲಿ ಶುರುವಾದ ಆಸ್ಪಿನ್‌ವಾಲ್, ಎರಡೂ ಕಂಪೆನಿಗಳು ಮಂಗಳೂರಿನಲ್ಲಿ ಈ ಕೆಲಸ ಮಾಡಿದವು. ಹಂಚು, ಗೋಡಂಬಿ ಅಂದರೆ ಮಂಗಳೂರು ಅಂತ ಎಲ್ಲರೂ ಹೇಳ್ತಾರೆ. ಕಾಫಿಯ ಹೆಸರು ಆ ಪಟ್ಟಿಯಲ್ಲಿ ಯಾಕೋ ಬಿಟ್ಟುಹೋಗ್ತದೆ.

ನಮ್ಮ ಹಳೇ ಬಂದರಿನಲ್ಲಿ ನೀರು ಆಳ ಇಲ್ಲ. ದೊಡ್ಡ ಹಡಗು ಹೊರಗೆ ಸಮುದ್ರದಲ್ಲೇ ನಿಲ್ಲಬೇಕು. ಗೋಣಿಗಳು ದೋಣಿಯಲ್ಲಿ ಅಲ್ಲಿಗೆ ಹೋಗಿ ಹಡಗು ಹತ್ತಬೇಕು. ಪಣಂಬೂರಿನ ಹೊಸ ಬಂದರು ಬಂದದ್ದು 1970ರ ದಶಕದಲ್ಲಿ.

ಭಾಗ 3/7: ಹಡಗಿನಲ್ಲಿ ಬಣ್ಣ ಬದಲಾದ ಬೀಜ

1869ರ ನವೆಂಬರ್‌ವರೆಗೆ ಸೂಯೆಜ್ ಕಾಲುವೆ ಇರಲಿಲ್ಲ. ಇಲ್ಲಿಂದ ಹೊರಟ ಹಾಯಿಹಡಗು ಆಫ್ರಿಕಾದ ತುದಿ ಸುತ್ತಿ ಯುರೋಪ್ ಮುಟ್ಟಲಿಕ್ಕೆ ತಿಂಗಳುಗಟ್ಟಲೆ ಬೇಕಿತ್ತು. ಮರದ ಹಡಗಿನ ಹೊಟ್ಟೆಯಲ್ಲಿ ಉಪ್ಪುಗಾಳಿ, ತೇವ. ಹಸಿರು ಬಣ್ಣದಲ್ಲಿ ಹೋದ ಬೀಜ ತೇವ ಕುಡಿದು, ಉಬ್ಬಿ, ತಿಳಿಹಳದಿ ಬಣ್ಣಕ್ಕೆ ತಿರುಗಿ ಇಳಿಯುತ್ತಿತ್ತು. ಹುಳಿ ಹೋಗಿ ರುಚಿ ಮೆತ್ತಗಾಗಿರುತ್ತಿತ್ತು. ಲೆಕ್ಕಕ್ಕೆ ಅದು ಹಾಳಾದ ಮಾಲು. ಆದರೆ ಉತ್ತರ ಯುರೋಪಿನವರ ನಾಲಿಗೆಗೆ ಅದೇ ಅಭ್ಯಾಸ ಆಗಿಬಿಟ್ಟಿತು.

ಕಾಲುವೆ ತೆರೆಯಿತು, ಉಗಿಹಡಗು ಬಂತು, ಪ್ರಯಾಣ ಸಣ್ಣದಾಯಿತು. ಬೀಜ ಹೋದ ಹಾಗೇ ಹಸಿರಾಗಿ ಹೋಗಿ ಮುಟ್ಟಿತು. ಆಗ ಅಲ್ಲಿಯವರು ಕೇಳಿದ್ದು, ನಮ್ಮ ಹಳೇ ಕಾಫಿ ಎಲ್ಲಿ?

ಉತ್ತರ ನಮ್ಮ ಕರಾವಳಿಯಲ್ಲೇ ಇತ್ತು. ಹಡಗಿನೊಳಗೆ ಆಗುತ್ತಿದ್ದದ್ದನ್ನು ಗೋದಾಮಿನಲ್ಲಿ ಬೇಕೆಂದೇ ಮಾಡುವುದು. ಇದಕ್ಕೆ ಮಾನ್ಸೂನಿಂಗ್ ಅಂತ ಹೆಸರು. ನಾಲ್ಕೂ ಕಡೆ ಗಾಳಿ ಆಡುವ ಗೋದಾಮಿನಲ್ಲಿ ಚೆರ್ರಿಯಿಂದ ಬಂದ ಒಳ್ಳೆಯ ಬೀಜವನ್ನು ನಾಲ್ಕರಿಂದ ಆರು ಇಂಚು ದಪ್ಪಕ್ಕೆ ಹರಡುತ್ತಾರೆ. ಆಗಾಗ ಎಳೆದು ಮಗುಚುತ್ತಾರೆ, ಇಲ್ಲದಿದ್ದರೆ ಬೂಸ್ಟು. ತೇವ ಹಿಡಿದ ಮೇಲೆ ಗೋಣಿಗೆ ಸಡಿಲವಾಗಿ ತುಂಬಿ, ಸಾಲು ಸಾಲಿನ ನಡುವೆ ಗಾಳಿಗೆ ದಾರಿ ಬಿಟ್ಟು ಪೇರಿಸುತ್ತಾರೆ. ಮತ್ತೆ ಸುರಿದು, ಮತ್ತೆ ತುಂಬುತ್ತಾರೆ. 12ರಿಂದ 16 ವಾರ ಇದೇ ಕೆಲಸ. ನೀರು ಹಾಕುವುದಿಲ್ಲ, ಮಳೆಗೆ ಇಡುವುದೂ ಇಲ್ಲ. ಬರೀ ಗಾಳಿ.

ಹೆಸರು ಮಾನ್ಸೂನ್ಡ್ ಮಲಬಾರ್. ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಹೊರಗಿನ ವ್ಯಾಪಾರಿಗಳಿಗೆ ಈ ಉದ್ದದ ಕರಾವಳಿ ಪೂರ್ತಿ ಮಲಬಾರ್, ಹಾಗಾಗಿ ನಮ್ಮ ಊರಿನ ಹೆಸರು ಲೇಬಲ್ ಮೇಲೆ ಇಲ್ಲ. ಗಾಳಿ ಮಾತ್ರ ಇಲ್ಲಿಯದ್ದು.

ಭಾಗ 4/7: ಹೆಕ್ಕಿದ ಕೈಗಳು

ಇತಿಹಾಸದಲ್ಲಿ ಬರುವುದು ಕಂಪೆನಿಯ ಹೆಸರು. ಬೀಜ ಹೆಕ್ಕಿದವರ ಹೆಸರು ಬರುವುದಿಲ್ಲ.

ಮೆಷಿನ್ ಬರುವುದಕ್ಕೆ ಮೊದಲು, ಬಂದ ಮೇಲೂ ಎಷ್ಟೋ ವರ್ಷ, ಕೆಟ್ಟ ಬೀಜ ಬೇರೆ ಮಾಡಿದ್ದು ಹೆಂಗಸರ ಕಣ್ಣು ಮತ್ತು ಬೆರಳು. ಕಾರ್ಖಾನೆಯಲ್ಲಿ ಇದಕ್ಕೆ ಗಾರ್ಬ್ಲಿಂಗ್ ಅನ್ನುತ್ತಾರೆ. ಕಪ್ಪಾದದ್ದು, ಕಂದಾದದ್ದು, ತುಂಡಾದದ್ದು, ಎಲ್ಲ ಹೆಕ್ಕಿ ಬದಿಗೆ. ಆ ಬದಿಗೆ ಹೋದದ್ದಕ್ಕೂ ಒಂದು ಗ್ರೇಡ್ ಉಂಟು: ಬಿಬಿಬಿ, ಅಂದರೆ ಬ್ಲ್ಯಾಕ್, ಬ್ರೌನ್, ಬಿಟ್ಸ್. ಅದನ್ನೂ ಎಸೆಯುವುದಿಲ್ಲ, ಕಡಿಮೆ ರೇಟಿಗೆ ಮಾರ್ತಾರೆ.

ನಮ್ಮ ಬೀದಿಯ ಒಬ್ಬರು ಅಜ್ಜಿ ಮದುವೆಗೆ ಮುಂಚೆ ಇಂಥ ಒಂದು ಶೆಡ್‌ನಲ್ಲಿ ಕೆಲಸಕ್ಕೆ ಹೋಗ್ತಿದ್ದರು. ಈಗಲೂ ಅಕ್ಕಿ ಗೆರಸೆಯಲ್ಲಿ ಹಾಕಿಕೊಂಡರೆ ಅವರ ಬೆರಳಿನ ಸ್ಪೀಡ್ ನೋಡಬೇಕು, ಕಲ್ಲು ಒಂದೂ ಉಳಿಯುವುದಿಲ್ಲ. ಎಷ್ಟು ವರ್ಷ ಕಾಫಿ ಹೆಕ್ಕಿದರೂ, ಆ ಒಳ್ಳೆ ಬೀಜದ ಕಾಫಿ ಹೇಗಿರ್ತದೆ ಅಂತ ಅವರಿಗೆ ಗೊತ್ತಿಲ್ಲ. ಮನೆಯಲ್ಲಿ ಕುಡಿದದ್ದು ಅಂಗಡಿಯ ಪುಡಿ, ಚಿಕೋರಿ ಸೇರಿದ್ದು, ಬೆಲ್ಲ ಹಾಕಿದ್ದು. ಅದನ್ನು ಹೇಳುವಾಗ ಅವರಿಗೆ ಬೇಜಾರೂ ಇರಲಿಲ್ಲ. ಒಳ್ಳೆಯದು ಹಡಗಿಗೆ ಅಲ್ಲವಾ, ಅಂತ ಅಷ್ಟೇ ಕೇಳಿದರು.

ಕಾಮರ್ಸ್ ಓದುವ ನಮಗೆ ವ್ಯಾಲ್ಯೂ ಅಡಿಷನ್ ಅಂದರೆ ಎರಡು ಮಾರ್ಕ್‌ನ ಪ್ರಶ್ನೆ. ಅದು ನಿಜವಾಗಿ ನಡೆದದ್ದು ಇಲ್ಲಿ, ಗೋಣಿ ಹಾಸಿ ಕೂತವರ ಕೈಯಲ್ಲಿ. ಹುರಿದು, ಹೆಸರಿಟ್ಟು, ಕಪ್‌ಗೆ ಹಾಕಿದ ಮೇಲೆ ಸೇರಿದ ಬೆಲೆ ಮಾತ್ರ ಬೇರೆ ಊರಿನ ಲೆಕ್ಕದ ಪುಸ್ತಕಕ್ಕೆ ಹೋಯಿತು.

ಭಾಗ 5/7: ಒತ್ತಡದ ಕಥೆ

ಇಲ್ಲಿಂದ ಹೋದ ಬೀಜಕ್ಕೆ ಅಲ್ಲಿ ಎಂತ ಮಾಡಿದರು ನೋಡುವ.

1884ರಲ್ಲಿ ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ ಉಗಿಯಿಂದ ಬೇಗ ಕಾಫಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನ್‌ನ ಲುಯಿಜಿ ಬೆಜ್ಜೆರಾ ಒಂದೊಂದೇ ಕಪ್ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದನ್ನು ಕೊಂಡು ಮಾರುಕಟ್ಟೆಗೆ ತಂದವನು ದೆಸಿದೆರಿಯೊ ಪವೋನಿ. ಆಗಿನ ಎಸ್‌ಪ್ರೆಸೊ ಮೇಲೆ ಕೆನೆಯ ಹಾಗಿನ ನೊರೆ ಇರಲಿಲ್ಲ. ಉಗಿಯ ಒತ್ತಡ ಹೆಚ್ಚೆಂದರೆ 2 ಬಾರ್. ಬೈಕ್ ಟೈರ್‌ಗೆ 30 ಪಿಎಸ್‌ಐ ಗಾಳಿ ಹಾಕ್ತೇವಲ್ಲ, ಅಷ್ಟೇ.

1933ರಲ್ಲಿ ಅಲ್ಫೊನ್ಸೊ ಬಿಯಾಲೆಟ್ಟಿ ಅಲ್ಯೂಮಿನಿಯಂನ ಮೋಕಾ ಪಾಟ್ ತಂದ. ಹೋಟೆಲಿನ ಕಾಫಿ ಒಲೆಯ ಮೇಲೆ ಬಂತು. ಇಟಲಿಯ ಮನೆಗಳಲ್ಲಿ ದಿನಾ ಆಗುವುದು ಹೆಚ್ಚಾಗಿ ಇದೇ.

ಅಕಿಲೆ ಗಾಜಿಯಾ 1938ರಲ್ಲಿ ಪೇಟೆಂಟ್ ಪಡೆದು, ಯುದ್ಧ ಮುಗಿದ ಮೇಲೆ ಲಿವರ್ ಯಂತ್ರ ತಂದ. ಸ್ಪ್ರಿಂಗ್‌ನ ಬಲದಿಂದ ಒತ್ತಡ 8–9 ಬಾರ್‌ಗೆ ಏರಿತು. ಮೊದಲ ಸಲ ಕಪ್ ಮೇಲೆ ಬಂಗಾರದ ಬಣ್ಣದ ನೊರೆ ಬಂತು, ಅದೇ ಕ್ರೆಮಾ. 1961ರ ಫಾಯೆಮಾ ಇ61 ಯಂತ್ರದಲ್ಲಿ ಕೈಯ ಕೆಲಸವನ್ನು ಪಂಪ್ ಮಾಡಿತು.

ಇಲ್ಲೇ ನಮ್ಮ ಬೀಜ ಒಳಗೆ ಬರುವುದು. 9 ಬಾರ್ ಒತ್ತಡ ಕಾಫಿಯ ಹುಳಿಯನ್ನೂ ದಪ್ಪ ಮಾಡಿ ತೋರಿಸ್ತದೆ. ಮಾನ್ಸೂನ್ಡ್ ಬೀಜದಲ್ಲಿ ಹುಳಿ ಕಡಿಮೆ, ಬಾಯಿ ತುಂಬುವ ದಪ್ಪ ಜಾಸ್ತಿ. ಹಾಗಾಗಿ ಎಸ್‌ಪ್ರೆಸೊ ಬ್ಲೆಂಡ್‌ಗೆ ಅದು ಸರಿ ಹೊಂದಿತು. ಕ್ರೆಮಾ ಗಟ್ಟಿ ಬರಲಿಕ್ಕೆ ರೋಬಸ್ಟಾ ಬೇಕು. ಎಲೆ ತುಕ್ಕು ರೋಗ ಅರೇಬಿಕಾ ತೋಟಗಳನ್ನು ತಿಂದ ಮೇಲೆ, 20ನೇ ಶತಮಾನದ ಆರಂಭದಲ್ಲಿ ನಮ್ಮ ಕಡೆ ರೋಬಸ್ಟಾ ಬಂತು. ಇವತ್ತು ಇಟಲಿ ನಮ್ಮಿಂದ ಕೊಳ್ಳುವುದರಲ್ಲಿ ಅದರ ಪಾಲೇ ದೊಡ್ಡದು.

ಭಾಗ 6/7: ಒಳ್ಳೆ ಬೀಜ ನಮ್ಮ ಮನೆಗೆ ಯಾಕೆ ಬರಲಿಲ್ಲ?

ಬರೀ ದುಡ್ಡಿನ ಪ್ರಶ್ನೆ ಅಲ್ಲ, ಕಾನೂನಿನದ್ದೂ ಉಂಟು. ಎರಡನೇ ಮಹಾಯುದ್ಧದಲ್ಲಿ ಹೊರಗಿನ ಮಾರುಕಟ್ಟೆ ಕುಸಿದಾಗ ಬೆಳೆಗಾರರನ್ನು ಉಳಿಸಲಿಕ್ಕೆ 1942ರ ಕಾಫಿ ಕಾಯ್ದೆ ಬಂತು. ಬೆಳೆದ ಕಾಫಿಯನ್ನು ಕಾಫಿ ಬೋರ್ಡ್‌ನ ಪೂಲ್‌ಗೆ ಕೊಡಬೇಕು. ಬೋರ್ಡ್ ಹರಾಜು ಹಾಕಿ ಮಾರಿ, ಆಮೇಲೆ ಕಂತಿನಲ್ಲಿ ಹಣ ಕೊಡ್ತದೆ. ಬೆಲೆ ಬಿದ್ದಾಗ ಇದು ಬೆಳೆಗಾರರಿಗೆ ಆಸರೆ. ಆದರೆ ಪೂಲ್‌ನಲ್ಲಿ ಎಲ್ಲರ ಕಾಫಿಯೂ ಸೇರ್ತದೆ. ಇದು ಇಂಥ ತೋಟದ್ದು ಅಂತ ಹೆಸರು ಹಾಕಿ ಮಾರುವ ದಾರಿ ಬೆಳೆಗಾರನಿಗೆ ಇರಲಿಲ್ಲ.

1990ರ ದಶಕದಲ್ಲಿ ಹಂತ ಹಂತವಾಗಿ ಈ ಹಿಡಿತ ಸಡಿಲವಾಯಿತು. 1996ಕ್ಕೆ ಬೆಳೆಗಾರ ತನ್ನ ಕಾಫಿ ಪೂರ್ತಿ ತಾನೇ ಮಾರಬಹುದು ಅಂತಾಯಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರೋಡ್‌ನಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು, ಹಿಂದೆ ಇದ್ದವರು ಚಿಕ್ಕಮಗಳೂರಿನ ಕಾಫಿ ಮನೆತನದ ವಿ. ಜಿ. ಸಿದ್ಧಾರ್ಥ. ನಮ್ಮ ಅಕ್ಕ ಅಣ್ಣಂದಿರು ಕ್ಯಾಪುಚಿನೊ ಅನ್ನುವ ಶಬ್ದ ಕಲಿತದ್ದು ಅಲ್ಲೇ. ಈಗ ತೋಟದ ಹೆಸರು, ಹುರಿದ ದಿನಾಂಕ ಬರೆದ ಪ್ಯಾಕೆಟ್ ಕೊರಿಯರ್‌ನಲ್ಲಿ ಮನೆಗೆ ಬರ್ತದೆ. ಮಾನ್ಸೂನ್ಡ್ ಮಲಬಾರ್ ಕೂಡ. ಮಂಗಳೂರು ಬಿಟ್ಟು ಹೋದದ್ದು ಮಂಗಳೂರಿಗೇ ಪಾರ್ಸೆಲ್ ಬರುವುದು ತಮಾಷೆ ಅನಿಸಬಹುದು, ಆದರೆ ಬರಲಿಕ್ಕೆ ನೂರು ವರ್ಷದ ಮೇಲೆ ಹಿಡಿಯಿತು.

ಭಾಗ 7/7: ಈಗ ಒಲೆ ಹೊತ್ತಿಸಿ

ಮೂರು ಪಾತ್ರೆ, ಮೂರು ಒತ್ತಡ. ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್‌ನಲ್ಲಿ ನೀರು ತನ್ನ ಭಾರಕ್ಕೇ ಇಳಿಯುತ್ತದೆ. ಮೋಕಾ ಪಾಟ್‌ನಲ್ಲಿ ಉಗಿ 1–2 ಬಾರ್‌ನಲ್ಲಿ ಮೇಲೆ ತಳ್ಳುತ್ತದೆ. ಮೆಷಿನ್‌ನಲ್ಲಿ 9 ಬಾರ್.

ಮೆಷಿನ್ ಇದ್ದವರಿಗೆ: 18 ಗ್ರಾಂ ಪುಡಿ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ. ಬೇಗ ಸುರಿದರೆ ಪುಡಿ ಇನ್ನೂ ನುಣ್ಣಗೆ ಬೇಕು. ಹನಿ ಹನಿ ಬಿದ್ದರೆ ಸ್ವಲ್ಪ ತರಿ ಬೇಕು.

ಮೋಕಾ ಪಾಟ್: ನೀರು ಬದಿಯ ವಾಲ್ವ್‌ಗಿಂತ ಕೆಳಗೇ ಇರಲಿ. ಪುಡಿ ತುಂಬಿಸಿ ಸಮ ಮಾಡಿ, ಒತ್ತಬೇಡಿ. ಸಣ್ಣ ಉರಿ. ಗೊರ ಗೊರ ಸದ್ದು ಬಂದ ಕೂಡಲೇ ಇಳಿಸಿ, ಬಿಟ್ಟರೆ ಕಹಿ.

ಫಿಲ್ಟರ್: ಪುಡಿ ಜಾಸ್ತಿ, ಬಿಸಿನೀರು ಕಡಿಮೆ. ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ಮಾತ್ರ ತೆಗೆದುಕೊಳ್ಳಿ. ಎಸ್‌ಪ್ರೆಸೊ ಆಗುವುದಿಲ್ಲ, ಆದರೆ ಹಾಲಿನ ಕಾಫಿಗೆ ಇದು ಯಾವುದಕ್ಕೂ ಕಡಿಮೆ ಇಲ್ಲ.

ಹಾಲು: ಫಿಲ್ಟರ್ ಕಾಫಿಗೆ ಕುದಿಸಿ, ಎತ್ತರದಿಂದ ಸುರಿದು ನೊರೆ ಬರಿಸ್ತೇವೆ. ಕ್ಯಾಪುಚಿನೊ, ಲಾಟೆಗೆ 60–65 ಡಿಗ್ರಿ ಸಾಕು. ಪಾತ್ರೆ ಮುಟ್ಟಿ ಹಿಡಿಯಲಿಕ್ಕೆ ಆಗುವುದಿಲ್ಲ ಅನಿಸುವಾಗ ನಿಲ್ಲಿಸಿ. ಸಣ್ಣ ಬ್ಯಾಟರಿ ವಿಸ್ಕ್ ಇದ್ದರೆ ಆಯಿತು. ನೊರೆ ಜಾಸ್ತಿ ಇದ್ದರೆ ಕ್ಯಾಪುಚಿನೊ, ಹಾಲು ಜಾಸ್ತಿ ಇದ್ದರೆ ಲಾಟೆ.

ಒಂದು ಎಚ್ಚರಿಕೆ. ಹಸಿ ಬೀಜಕ್ಕೆ ಒಳ್ಳೆಯದು ಮಾಡಿದ ನಮ್ಮ ಗಾಳಿ, ಹುರಿದ ಪುಡಿಗೆ ಶತ್ರು. ಮಳೆಗಾಲದಲ್ಲಿ ಡಬ್ಬಿ ಒಂದು ದಿನ ತೆರೆದಿಟ್ಟರೆ ಗಂಟು ಕಟ್ಟಿ, ವಾಸನೆ ಹೋಗ್ತದೆ. ಗಾಳಿ ಆಡದ ಸ್ಟೀಲ್ ಡಬ್ಬಿ, ಬೇಕಾದಷ್ಟೇ ಪುಡಿ.

ಮಾನ್ಸೂನ್ಡ್ ಮಲಬಾರ್ ಸಿಕ್ಕಿದರೆ ಮೊದಲ ಗುಟುಕು ಹಾಲಿಲ್ಲದೆ, ಸಕ್ಕರೆ ಇಲ್ಲದೆ ಕುಡಿದು ನೋಡಿ. ಆಮೇಲೆ ಹಾಲು ಹಾಕಿ, ಬೆಲ್ಲವನ್ನೂ ಹಾಕಿ, ಯಾರೂ ಬೈಯುವುದಿಲ್ಲ. ಆ ಅಜ್ಜಿಗೆ ಬೆಲ್ಲ ಹಾಕಿಯೇ ಕೊಟ್ಟೆ. ಮೆತ್ತಗೆ ಉಂಟು ಅಂದರು, ಇನ್ನೂ ಸ್ವಲ್ಪ ಹಾಕು ಅಂತ ಲೋಟ ಮುಂದೆ ಮಾಡಿದರು.

ನಿಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಅಜ್ಜ ಯಾರಾದರೂ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಬಂದರಿನಲ್ಲಿ, ಘಾಟಿಯ ಲಾರಿಯಲ್ಲಿ ಕೆಲಸ ಮಾಡಿದ್ದಾರಾ? ಇವತ್ತೇ ಕೇಳಿ. ದಿನಕ್ಕೆ ಎಷ್ಟು ಗೋಣಿ, ಎಷ್ಟು ಕೂಲಿ, ಶೆಡ್ ಎಲ್ಲಿತ್ತು. ಕಮೆಂಟ್‌ನಲ್ಲಿ ಬರೆಯಿರಿ, ಅವರ ಒಪ್ಪಿಗೆ ಇದ್ದರೆ ಮಾತ್ರ ಹೆಸರು ಹಾಕಿ. ಕಂಪೆನಿಗಳ ಇಸವಿ ಎಲ್ಲಿ ಬೇಕಾದರೂ ಸಿಗ್ತದೆ. ಇದು ಅವರ ಹತ್ತಿರ ಮಾತ್ರ ಉಂಟು.

#ಮಂಗಳೂರು #ಕಾಫಿ #ಮಳೆಗಾಲ #ನಮ್ಮೂರಇತಿಹಾಸ