ರೇಷ್ಮೆ ಹುಳನೂ ಉಳೀತು, ಜ್ವರನೂ ಇಳೀತು: ಗಪ್ಪಿ ಮೀನಿನ ಕಥೆ

ನಮ್ಮ ಯಲಹಂಕ, ಹೆಬ್ಬಾಳದ ಕಡೆ ಈಗ ಎಷ್ಟೋ ಮನೇಲಿ ಟಿ.ವಿ. ಪಕ್ಕ ಒಂದು ಗಾಜಿನ ತೊಟ್ಟಿ, ಅದರೊಳಗೆ ಬಣ್ಣದ ಬಾಲದ ಗಪ್ಪಿ ಮೀನು. ಮಕ್ಕಳ ಖುಷಿಗೆ ಅಂತ ತರ್ತೀವಿ. ಆದ್ರೆ ಬೆರಳುದ್ದ ಕೂಡ ಇಲ್ಲದ ಈ ಮೀನು ನಮ್ಮ ಪಕ್ಕದ ಕೋಲಾರದಲ್ಲಿ ಮಾಡಿರೋ ಕೆಲಸ ಸಣ್ಣದಲ್ಲ.

ಇದರ ತವರು ದಕ್ಷಿಣ ಅಮೆರಿಕದ ವೆನೆಜುವೆಲಾ, ಟ್ರಿನಿಡಾಡ್ ಕಡೆ. 1866ರಲ್ಲಿ ಟ್ರಿನಿಡಾಡ್‌ನಲ್ಲಿದ್ದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಅನ್ನೋರು ಇದನ್ನ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂಗೆ ಕಳಿಸಿದ್ರು. ಅವರ ಹೆಸರೇ ಮೀನಿಗೆ ಉಳ್ಕೊಂಡ್ತು. ನೀರಿನ ಮೇಲೆ ತೇಲೋ ಸೊಳ್ಳೆ ಮರಿಗಳನ್ನ ಹಿಡಿದು ತಿನ್ನುತ್ತೆ ಅಂತ ಎಷ್ಟೋ ದೇಶದವರು ಇದನ್ನ ತರಿಸ್ಕೊಂಡ್ರು. ಇದರ ಬಳಗದ್ದೇ ಆದ ಗ್ಯಾಂಬೂಸಿಯಾ ಮೀನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂತು.

ಈಗ ಕೋಲಾರಕ್ಕೆ ಬರೋಣ. ಮಲೇರಿಯಾ ಬಂದ ಊರಲ್ಲಿ ಮನೆಯೊಳಗೆ ಗೋಡೆಗೆ ಔಷಧಿ ಹೊಡೆಯೋದು ಸರ್ಕಾರದ ಪದ್ಧತಿ. ಆದ್ರೆ ಅದೇ ಮನೇಲಿ ತಟ್ಟೆ ತುಂಬ ರೇಷ್ಮೆ ಹುಳ ಇರುತ್ತೆ. ಔಷಧಿ ಸೋಕಿದ್ರೆ ಹುಳ ಸಾಯುತ್ತೆ, ಬೆಳೆ ಹೋಗುತ್ತೆ. ರಾತ್ರಿ ನಿದ್ದೆಗೆಟ್ಟು ಸೊಪ್ಪು ಹಾಕಿ ಸಾಕಿದ ಹೆಂಗಸರು ಔಷಧಿ ಬೇಡ ಅಂದ್ರೆ ತಪ್ಪು ಅನ್ನೋಕಾಗುತ್ತಾ? ಒಂದು ಕಡೆ ಮಕ್ಕಳಿಗೆ ಚಳಿಜ್ವರ, ಇನ್ನೊಂದು ಕಡೆ ಮನೆಯ ಅನ್ನ.

1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದ ಬೆಂಗಳೂರು ಶಾಖೆಯವರು ಬಂಗಾರಪೇಟೆ ಹತ್ತಿರದ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಬೇರೆ ದಾರಿ ಹಿಡಿದ್ರು. ಅಲ್ಲಿ ಮಲೇರಿಯಾ ಸೊಳ್ಳೆ ಹೆಚ್ಚಾಗಿ ಹುಟ್ತಿದ್ದದ್ದು ಬಾವಿಗಳಲ್ಲಿ. ಬಾವಿ, ಕುಂಟೆಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಬಿಟ್ಟರು. ಸೊಳ್ಳೆ ಮರಿ ಕಮ್ಮಿ ಆಯ್ತು, ಮಲೇರಿಯಾನೂ ಇಳೀತು. ರೇಷ್ಮೆ ಹುಳನೂ ಉಳೀತು.

ಅಷ್ಟು ಕೆಲಸಕ್ಕೆ ಮೀನು ಹೇಗೆ ಸಾಕಾಯ್ತು ಅಂದ್ರೆ, ಗಪ್ಪಿ ಮೊಟ್ಟೆ ಇಡಲ್ಲ, ಮರಿಯನ್ನೇ ಹಾಕುತ್ತೆ. ಸುಮಾರು ನಾಲ್ಕು ವಾರಕ್ಕೊಂದು ಬಾಣಂತನ! ಒಂದು ಸಲ ಗಂಡಿನ ಜೊತೆ ಕೂಡಿದ್ರೆ ಆಮೇಲೆ ಗಂಡಿಲ್ಲದೇನೂ ತಿಂಗಳುಗಟ್ಟಲೆ ಮರಿ ಹಾಕ್ತಾ ಇರುತ್ತೆ. ಹೆಣ್ಣಿನ ಹೊಟ್ಟೆಯ ಹಿಂಭಾಗದ ಕಪ್ಪು ಮಚ್ಚೆ ಗಾಢ ಆದ್ರೆ ದಿನ ಹತ್ತಿರ ಬಂತು ಅಂತ ಅರ್ಥ. ತಾಯಿನೇ ಮರಿ ತಿಂದುಬಿಡುತ್ತೆ, ಅದಕ್ಕೇ ಅಡಗ್ಕೊಳ್ಳೋಕೆ ನೀರಿನ ಗಿಡ ಜಾಸ್ತಿ ಹಾಕಿ. ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ಒಂದು ದಿನ ಬಕೆಟ್ಟಲ್ಲಿ ಇಟ್ಟು ಆಮೇಲೆ ಹಾಕಿ.

ಒಂದು ಮಾತು ಮಾತ್ರ ನೆನಪಿರಲಿ. ಮರಿ ಹೆಚ್ಚಾಯ್ತು ಅಂತ ಹೆಬ್ಬಾಳ ಕೆರೆಗೋ ಯಲಹಂಕ ಕೆರೆಗೋ ಸುರೀಬೇಡಿ. ಗ್ಯಾಂಬೂಸಿಯಾ ಬಿಟ್ಟ ಎಷ್ಟೋ ಕಡೆ ಅದು ಅಲ್ಲಿಯದೇ ಮೀನುಗಳ ಮೊಟ್ಟೆ, ಮರಿ, ಕಪ್ಪೆ ಮರಿಗಳನ್ನೆಲ್ಲ ತಿಂದು ಹಾಕಿದೆ. ಗಪ್ಪಿನೂ ಹೊರಗಿನದೇ. ಬಾವಿಯಲ್ಲಾದ್ರೆ ಅಲ್ಲಿಗೇ ಉಳಿಯುತ್ತೆ, ಕೆರೆಗೆ ಬಿಟ್ಟರೆ ಹಿಡಿಯೋರು ಯಾರು? ಹೆಚ್ಚಾದ ಮರಿನ ಪಕ್ಕದ ಮನೆಯವರ ತಾವರೆ ಕುಂಡಕ್ಕೆ ಕೊಡಿ. ಡೆಂಗಿ ಸೊಳ್ಳೆ ಮರಿಗಳಿಗೂ ಅಲ್ಲಿ ಜಾಗ ಸಿಗಲ್ಲ.