ಸಾಲು ಎತ್ತಿಕೊಡುವವರು

ಮಡಿಕೇರಿಯ ನನ್ನ ಅಕ್ಕನ ಮನೆಯಲ್ಲಿ ಒಂದು ಮಳೆಗಾಲವಿಡೀ ಒಂದೇ ಸದ್ದು ಕೇಳುತ್ತಿತ್ತು. ಆಕೆಯ ಮಗ ಪಿಯುಸಿ ಓದುವ ಹುಡುಗ. ಗಿಟಾರಿನ ಮೇಲೆ ಐದು ಸ್ವರಗಳನ್ನು ಏಣಿ ಹತ್ತಿದಂತೆ ಹತ್ತುತ್ತಿದ್ದ, ಹಾಗೆಯೇ ಇಳಿಯುತ್ತಿದ್ದ. ಹೊರಗೆ ಜಡಿಮಳೆ, ಒಳಗೆ ಈ ಏಣಿ. 'ಮಾಮು, ಇದು ಬ್ಲೂಸಿನ ಸ್ಕೇಲು. ಇದೊಂದು ಕೈಗೆ ಹತ್ತಿದರೆ ನಿಂತ ನಿಲುವಿನಲ್ಲೇ ಸ್ವಂತ ರಾಗ ಕಟ್ಟಿ ನುಡಿಸಬಹುದಂತೆ' ಎಂದು ಮೊದಲ ವಾರ ಹುರುಪಿನಿಂದ ಹೇಳಿದ. ಆಟಿ ತಿಂಗಳು ಕಳೆದು ಕೈಲ್‌ಪೊಳ್ದ್ ಬಂದರೂ ಏಣಿ ಏಣಿಯಾಗಿಯೇ ಉಳಿದಿತ್ತು. 'ಒಂದು ಸ್ವರವೂ ತಪ್ಪಿಲ್ಲ, ಆದರೆ ಹಾಡು ಬರ್ತಿಲ್ಲ' ಎಂದು ಮುಖ ಸಣ್ಣ ಮಾಡಿಕೊಂಡ. ಸಂಗೀತಗಾರನಲ್ಲದ ನಾನು ಅವನಿಗೆ ಏನು ಹೇಳಲಿ? ಆದರೆ ಅವನ ಮಾತು ನನ್ನನ್ನು ಬಿಡಲಿಲ್ಲ. ಈ ಏಣಿ ಎಲ್ಲಿಂದ ಬಂತು, ಅದನ್ನು ಮೊದಲು ಹತ್ತಿದವರು ಯಾರು ಎಂದು ಹುಡುಕಿಕೊಂಡು ಹೋದಾಗ, ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಸುತ್ತಿ ಬಳಸಿ ಮತ್ತೆ ನಮ್ಮ ಕೊಡಗಿನ ಮಂದ್‌ಗಳಿಗೇ ಬಂದು ನಿಂತೆ.

ಮೊದಲು ಆ ಐದು ಸ್ವರಗಳ ವಿಷಯ. ಅವು ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಕರ್ನಾಟಕ ಸಂಗೀತ ಬಲ್ಲವರು ಇದನ್ನು ಕೇಳಿದ ಕೂಡಲೇ ಶುದ್ಧ ಧನ್ಯಾಸಿ ಎನ್ನುತ್ತಾರೆ. ಹಿಂದುಸ್ತಾನಿಯವರು ಧಾನಿ ಎನ್ನುತ್ತಾರೆ. ಮಧ್ಯಮಕ್ಕೂ ಪಂಚಮಕ್ಕೂ ನಡುವೆ ಪ್ರತಿಮಧ್ಯಮವನ್ನು ತೂರಿಸಿದರೆ ಈಗಿನ ಪಠ್ಯಗಳು ಹೇಳುವ ಬ್ಲೂಸ್ ಸ್ಕೇಲ್ ಸಿದ್ಧ. ಆದರೆ ಶುದ್ಧ ಧನ್ಯಾಸಿಯ ಕೀರ್ತನೆ ಹಾಡುವವರು ಬ್ಲೂಸ್ ಹಾಡುತ್ತಿಲ್ಲ. ಅಕ್ಷರಮಾಲೆ ಒಂದೇ, ನುಡಿ ಬೇರೆ. ಬ್ಲೂಸಿನ ಜೀವ ಇರುವುದು ಎರಡು ಗಾಂಧಾರಗಳ ನಡುವಿನ ಒಂದು ಜಾಗದಲ್ಲಿ. ಪಿಯಾನೊದಲ್ಲಿ ಆ ಸ್ವರಕ್ಕೆ ಮಣೆಯೇ ಇಲ್ಲ. ಗಿಟಾರಿನವರು ತಂತಿಯನ್ನು ಪಕ್ಕಕ್ಕೆ ಜಗ್ಗಿ, ಇಲ್ಲವೇ ತಂತಿಯ ಮೇಲೆ ಚಾಕುವಿನ ಅಲಗನ್ನೋ ಸೀಸೆಯ ಕತ್ತನ್ನೋ ಜಾರಿಸಿ ಅದನ್ನು ಹಿಡಿಯುತ್ತಾರೆ. ಸ್ಯಾಕ್ಸೊಫೋನಿನವರು ತುಟಿಯಿಂದ ಹಿಡಿಯುತ್ತಾರೆ. ಕಾಗದದ ಮೇಲೆ ಬರೆದ ಏಣಿಯಲ್ಲಿ ಆ ಮೆಟ್ಟಿಲು ಕಾಣುವುದಿಲ್ಲ.

1903ರಲ್ಲಿ ಮಿಸಿಸಿಪ್ಪಿಯ ಟಟ್‌ವೈಲರ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಡಬ್ಲ್ಯು.ಸಿ. ಹ್ಯಾಂಡಿ ಎಂಬ ಕಪ್ಪು ಬ್ಯಾಂಡ್‌ ಮಾಸ್ತರ ತಡವಾದ ಗಾಡಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಹರಕು ಬಟ್ಟೆಯವನೊಬ್ಬ ಗಿಟಾರಿನ ತಂತಿಗೆ ಚಾಕು ಒತ್ತಿ ನುಡಿಸುತ್ತ, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದನಂತೆ. ಸ್ವರಲಿಪಿ ಓದಲು ಬಲ್ಲ ಹ್ಯಾಂಡಿಗೆ ಆ ಸಂಗೀತ ವಿಚಿತ್ರವಾಗಿ ಕೇಳಿಸಿತು. 1912ರಲ್ಲಿ ಆತ 'ಮೆಂಫಿಸ್ ಬ್ಲೂಸ್' ಅಚ್ಚು ಹಾಕಿಸಿ, ಮುಂದೆ ಬ್ಲೂಸಿನ ಪಿತಾಮಹ ಎಂದು ಹೆಸರಾದ. ನಿಲ್ದಾಣದಲ್ಲಿದ್ದವನ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ಹುಡುಗನಿಗೆ ಬೇಕಿದ್ದ ಗುಟ್ಟು ಆ ಮರುಕಳಿಸುವ ಸಾಲಿನಲ್ಲಿದೆ ಎಂದು ನನಗೆ ಅನಿಸುತ್ತದೆ. ಬ್ಲೂಸಿನ ರೂಢಿಯ ಅಚ್ಚು ಹನ್ನೆರಡು ಆವರ್ತಗಳದು. ನಾಲ್ಕು ನಾಲ್ಕರ ಮೂರು ಭಾಗ. ಮೊದಲ ಭಾಗದಲ್ಲಿ ಒಂದು ಸಾಲು. ಎರಡನೆಯದರಲ್ಲಿ ಅದೇ ಸಾಲು. ಕೆಳಗೆ ಆಧಾರದ ಸ್ವರಮೇಳ ಮಾತ್ರ ಮಧ್ಯಮಕ್ಕೆ ಸರಿದಿರುತ್ತದೆ. ಮೂರನೆಯದರಲ್ಲಿ ಉತ್ತರದಂತಹ ಹೊಸ ಸಾಲು. ಹಾಡನ್ನು ಅಲ್ಲೇ ಕಟ್ಟುವವನಿಗೆ ಯೋಚಿಸಲು ಸಮಯ ಬೇಕಲ್ಲ. ಎರಡನೇ ಸಲ ಹಾಡುವ ಸಾಲು ಆ ಸಮಯವನ್ನು ಕೊಡುತ್ತದೆ. ಪ್ರತಿ ಭಾಗದಲ್ಲೂ ದನಿ ಅರ್ಧಕ್ಕಿಂತ ತುಸು ಹೆಚ್ಚು ಜಾಗ ತುಂಬಿ ನಿಲ್ಲುತ್ತದೆ. ಉಳಿದ ಆವರ್ತ ಒಂದೂವರೆಯಲ್ಲಿ ಗಿಟಾರು ಮಾತಾಡುತ್ತದೆ. ಸ್ವಂತ ರಾಗ ಕಟ್ಟುವುದನ್ನು ಆ ಜನ ಕಲಿತದ್ದು ಈ ಸಣ್ಣ ಸಂದಿಯಲ್ಲಿ. ಹಾಡಿದ ಸಾಲಿಗೆ ಎರಡು ಮೂರು ಸ್ವರಗಳಲ್ಲಿ ಜವಾಬು ಕೊಡುವುದು, ಸುಮ್ಮನಾಗುವುದು, ಮತ್ತೆ ಕೊಡುವುದು. ನಮ್ಮ ಹುಡುಗನಿಗೆ ಜವಾಬು ಕೊಡಲು ಸವಾಲೇ ಇರಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬನೇ ಏಣಿ ಹತ್ತುತ್ತಿದ್ದ.

ಉರ್ದು ಶಾಲೆಯಲ್ಲಿ ಓದಿದ ನನಗೆ ಇದು ಕೂಡಲೇ ಮುಷಾಯಿರಾವನ್ನು ನೆನಪಿಸಿತು. ಶಾಯರ ಗಜಲಿನ ಮೊದಲ ಮಿಸ್ರಾ ಹೇಳುತ್ತಾನೆ. ವೇದಿಕೆಯ ಮೇಲಿನ ಇತರರು ಅದನ್ನು ಎತ್ತಿಕೊಂಡು ಮತ್ತೊಮ್ಮೆ ಹೇಳುತ್ತಾರೆ. ಇದಕ್ಕೆ ಮಿಸ್ರಾ ಉಠಾನಾ ಎಂದು ಹೆಸರು. ಆ ಬಳಿಕವೇ ಎರಡನೇ ಮಿಸ್ರಾ ಬೀಳುವುದು, 'ವಾಹ್ವಾ' ಏಳುವುದು. ಎತ್ತಿಕೊಡುವವರಿಲ್ಲದ ಸಭೆಯಲ್ಲಿ ದೊಡ್ಡ ಶಾಯರನೂ ಒಣಗಿ ಹೋಗುತ್ತಾನೆ. ತರಹಿ ಮುಷಾಯಿರಾ ಎಂಬ ಇನ್ನೊಂದು ಪದ್ಧತಿಯಿದೆ. ಒಂದು ಮಿಸ್ರಾ ಕೊಟ್ಟುಬಿಡುತ್ತಾರೆ. ಅದೇ ಛಂದಸ್ಸು, ಅದೇ ರದೀಫು, ಅದೇ ಕಾಫಿಯಾ ಇಟ್ಟುಕೊಂಡು ಎಲ್ಲರೂ ಬರೆದು ತರಬೇಕು. ಸ್ಕೇಲು ಎಂದರೆ ಅಂಥದೇ ಕೊಟ್ಟ ಕಟ್ಟು. ಮಲಬಾರಿನ ಮಾಪಿಳ್ಳೆ ಹಾಡುಗಳಲ್ಲಿ ಇದಕ್ಕೆ ಇಶಲ್ ಎಂಬ ಸೊಗಸಾದ ಹೆಸರಿದೆ. ಧಾಟಿ, ಪ್ರಾಸ, ಸಾಲಿನ ಅಳತೆ ಮೂರನ್ನೂ ಹೊತ್ತ ಅಚ್ಚು ಅದು. 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಕಾವ್ಯವನ್ನು 1872ರಲ್ಲಿ, ಇನ್ನೂ ಇಪ್ಪತ್ತರ ಹರಯದಲ್ಲಿ ಬರೆದ ಮೊಯಿನ್‌ಕುಟ್ಟಿ ವೈದ್ಯರ್ ಇಂಥ ಇಶಲ್‌ಗಳ ದೊಡ್ಡ ಕುಶಲಿ. ಕೋಲಾಟದಂಥ ಕೋಲ್ಕಳಿಯಲ್ಲೂ ದಫ್‌ಮುಟ್ಟಿನಲ್ಲೂ ಮುಂದಾಳು ಒಂದು ಸಾಲು ಎಸೆಯುತ್ತಾನೆ, ಸುತ್ತಲಿನವರು ಎತ್ತಿಕೊಳ್ಳುತ್ತಾರೆ.

ಇನ್ನು ಕೊಡವರ ದುಡಿಕೊಟ್ಟ್ ಪಾಟ್. ನಾಲ್ವರು ಹಾಡುಗಾರರು, ನಾಲ್ಕು ದುಡಿ. ನಡು ಸಣ್ಣಗಿರುವ ಈ ಪುಟ್ಟ ವಾದ್ಯದ ಮೇಲೆ ಬಡಿಯುತ್ತ ಒಂದು ಜೋಡಿ ಸಾಲು ಹಾಡಿದರೆ ಇನ್ನೊಂದು ಜೋಡಿ ಅದನ್ನು ಎತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಮೊದಲ ಜೋಡಿಗೆ ಮುಂದಿನ ಸಾಲು ಹೊಳೆದಿರುತ್ತದೆ. ಮದುವೆಯಲ್ಲಿ ಹಾಡುವಾಗ ಆ ಮನೆತನದ ಹೆಸರು, ಸಾವಿನ ಮನೆಯಲ್ಲಿ ಹಾಡುವಾಗ ತೀರಿಕೊಂಡವರ ಬದುಕು ಸಿದ್ಧ ಪದಗುಚ್ಛಗಳ ನಡುವೆ ಬಂದು ಕೂರುತ್ತವೆ. ಪುತ್ತರಿಯಲ್ಲಿ ಮನೆಮನೆಗೆ ಹೋಗಿ ಹಾಡುವ ಮನೆಪಾಟಿನಲ್ಲೂ ಇದೇ ಬಗೆ. ಬಾಯಿಪಾಠ ಇದೆ, ಅದರೊಳಗೆ ಹೊಸ ಕಟ್ಟಣೆಯೂ ಇದೆ. ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದರು. ಭಾರತದ ಯಾವ ಸಮುದಾಯಕ್ಕೂ ಹೆಮ್ಮೆ ತರುವ ಕೆಲಸ ಅದು. 2003ರಲ್ಲಿ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಅದನ್ನು ಇಂಗ್ಲಿಷಿಗೂ ತಂದರು.

ಆದರೆ 'ಪಟ್ಟೋಲೆ ಪಳಮೆ' ಪದಗಳ ಪುಸ್ತಕ. ಕೊಡಗಿನಲ್ಲಿ ಪದವಿಲ್ಲದ ಸಂಗೀತವೂ ಇದೆ, ಅದು ವಾಲಗ. ಕೊಂಬು, ಕೊಟ್ಟ್, ಪರೆ, ಊದುವ ವಾಲಗ ಸೇರಿ ಎಬ್ಬಿಸುವ ಆ ಲಯಕ್ಕೆ ಕಾಲು ತಾನಾಗಿ ಎತ್ತುತ್ತದೆ. ದಂಡಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರೂ ಕುಪ್ಯಚೇಲೆ ತೊಟ್ಟು ಕುಣಿಯುವುದನ್ನು ನೋಡಿದ್ದೇನೆ. ಈ ವಾಲಗ ಇಲ್ಲದೆ ಕೊಡವರ ಮದುವೆಯಿಲ್ಲ, ಮಂದಿನ ಕುಣಿತವಿಲ್ಲ. ಅದನ್ನು ನುಡಿಸುತ್ತ ಬಂದವರು ಮಾತ್ರ ಮೇದರು, ಕೆಂಬಟ್ಟಿಯವರು ಮೊದಲಾದ ಕೆಳಗಿರಿಸಲ್ಪಟ್ಟ ಜನ. ಬುಟ್ಟಿ ಹೆಣೆಯುವ ಮೇದರೇ ಹಬ್ಬಗಳಲ್ಲಿ ಪರೆ ಬಡಿಯುವವರು ಎಂಬುದನ್ನು 1870ರ ರಿಕ್ಟರನ ಮ್ಯಾನ್ಯುಯಲ್ ದಾಖಲಿಸಿದೆ. ಕೊಡಗಿನ ದಲಿತರಲ್ಲಿ ಬಹಳ ಜನ ಒಂದು ಕಾಲಕ್ಕೆ ಮನೆತನಕ್ಕೋ ಭೂಮಿಗೋ ಕಟ್ಟಿಹಾಕಲ್ಪಟ್ಟ ಜೀತದಾಳುಗಳು. 1834ರಲ್ಲಿ ಕಂಪನಿ ಕೊಡಗನ್ನು ವಶಪಡಿಸಿಕೊಂಡಾಗಲೂ ಈ ಪದ್ಧತಿ ಇತ್ತು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಕಾಯ್ದೆ ಆದದ್ದು 1843ರಲ್ಲಿ. ಹೊಲದಲ್ಲಿ ಅದು ಎಷ್ಟು ಕಾಲ ಉಳಿಯಿತು ಎಂಬುದನ್ನು ಕೊಡಗಿನವರೇ ಬಲ್ಲರು. ಮಡಿಕೇರಿಯಲ್ಲಿ ಫೌಲರ್ ಎಂಬ ಬಿಳಿಯ ಮೊದಲ ಕಾಫಿ ತೋಟ ತೆರೆದದ್ದು 1854ರಲ್ಲಿ. ಹತ್ತಿ ತೋಟವನ್ನೂ ಕಾಫಿ ತೋಟವನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಆದರೂ ದುಡಿಯುವ ಕೈಯನ್ನು ಅಂಗಳದಲ್ಲಿ ನಿಲ್ಲಿಸಿ, ಅದೇ ಕೈ ನುಡಿಸಿದ್ದನ್ನು ನಡುಮನೆಯವರು ಕುಣಿದು ಸವಿಯುವ ರೀತಿ ಎರಡೂ ಕಡೆ ಒಂದೇ. ವಾಲಗದವರ ಮಟ್ಟುಗಳನ್ನು ಯಾವ ಅಪ್ಪ ಯಾವ ಮಗನಿಗೆ ಹೇಗೆ ಕಲಿಸಿದ ಎಂಬ ಚರಿತ್ರೆಗೆ 'ಪಟ್ಟೋಲೆ ಪಳಮೆ'ಯಷ್ಟು ಗೌರವ ಸಿಕ್ಕಿಲ್ಲ.

ಅಮೆರಿಕದ ಕರಿಯರಲ್ಲಿ ಈ ಕೆಲಸವನ್ನು ಅವರೇ ಮಾಡಿಕೊಂಡರು. ಅದರಲ್ಲಿ ಮುಸ್ಲಿಮರ ಪಾತ್ರ ಚಿಕ್ಕದಲ್ಲ. ಹಡಗು ತುಂಬಿ ಒಯ್ದ ಗುಲಾಮರಲ್ಲಿ ಪಶ್ಚಿಮ ಆಫ್ರಿಕಾದ ಮುಸ್ಲಿಮರೂ ಇದ್ದರು. 1807ರಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಇಳಿಸಲ್ಪಟ್ಟ ಉಮರ್ ಇಬ್ನ್ ಸಯ್ಯದ್ 1831ರಲ್ಲಿ ತನ್ನ ಆತ್ಮಕಥೆಯನ್ನು ಅರಬ್ಬಿಯಲ್ಲಿ ಬರೆದ. ಹೊಲದ ಕೂಗಿನ ಹಾಡುಗಳಲ್ಲಿ ಅಜಾನಿನ ಎಳೆತ ಕೇಳಿಸುತ್ತದೆ ಎಂದು ಇತಿಹಾಸಕಾರ್ತಿ ಸಿಲ್ವಿಯಾನ್ ಡಿಯೂಫ್ ವಾದಿಸುತ್ತಾರೆ. ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಜಾರಿಸುವುದು, ನಡುಗಿಸುವುದು, ನಿಲ್ಲಿಸಿ ಮತ್ತೆ ಎತ್ತುವುದು ಎರಡರಲ್ಲೂ ಇದೆ ಎಂಬುದು ನಿಜ. ಆದರೆ ಬ್ಲೂಸ್ ಅಜಾನಿನ ಮಗು ಎಂದು ನಮ್ಮ ಕೆಲವು ಗೆಳೆಯರು ಮೇಜು ಕುಟ್ಟುವುದನ್ನು ನಾನು ಒಪ್ಪಲಾರೆ. ಹೊಲದಲ್ಲಿ ಬೇರೆ ಆಫ್ರಿಕನ್ ಕುಲಗಳ ಕೊರಳೂ ಇದ್ದವು, ಚರ್ಚಿನ ಹಾಡೂ ಇತ್ತು. ಒಳ್ಳೆಯದು ಕಂಡರೆ ಅದು ನಮ್ಮದೇ ಎನ್ನುವ ಚಾಳಿ ಎಲ್ಲ ಮತದವರಿಗೂ ಇದೆ.

ಜಾಸ್‌ನ ಕಾಲಕ್ಕೆ ಬಂದರೆ ಸಂಬಂಧ ಇನ್ನೂ ನೇರ. ಹಿಂದುಸ್ತಾನದಿಂದ ಮುಫ್ತಿ ಮುಹಮ್ಮದ್ ಸಾದಿಕ್ ಎಂಬ ಅಹ್ಮದಿಯಾ ಪ್ರಚಾರಕರು 1920ರಲ್ಲಿ ಅಮೆರಿಕಕ್ಕೆ ಹೋದರು. ಅಹ್ಮದಿಯಾಗಳ ಬಗ್ಗೆ ನಮ್ಮಲ್ಲಿರುವ ತಕರಾರು ಬೇರೆ ವಿಷಯ. ಬಿಳಿಯರ ಹೋಟೆಲಿನಲ್ಲಿ ಊಟ ಸಿಗದ ಕಪ್ಪು ವಾದಕರಿಗೆ ಇಸ್ಲಾಮಿನ ಸಮಾನತೆಯ ಮಾತು ತಲುಪಿದ್ದು ಬಹುಮಟ್ಟಿಗೆ ಅವರ ಮೂಲಕ. 1920ರಲ್ಲಿ ಹುಟ್ಟಿ ಡೆಟ್ರಾಯಿಟ್‌ನಲ್ಲಿ ಬೆಳೆದ ಹಡ್ಲ್‌ಸ್ಟನ್ ಎಂಬ ಸ್ಯಾಕ್ಸೊಫೋನ್ ವಾದಕ 1940ರ ದಶಕದ ಕೊನೆಯಲ್ಲಿ ಮುಸ್ಲಿಮನಾಗಿ ಯೂಸುಫ್ ಲತೀಫ್ ಎಂದು ಹೆಸರಿಟ್ಟುಕೊಂಡ. ತನ್ನ ಸಂಗೀತವನ್ನು ಜಾಸ್ ಎಂದು ಕರೆಯುವುದೂ ಅವರಿಗೆ ಹಿಡಿಸುತ್ತಿರಲಿಲ್ಲ. ಆ ಪದದಲ್ಲಿ ತಿರಸ್ಕಾರವಿದೆ ಎನ್ನುತ್ತಿದ್ದರು. ಪಾಶ್ಚಾತ್ಯ ಮತ್ತು ಇಸ್ಲಾಮೀ ಶಿಕ್ಷಣದ ಬಗ್ಗೆ ಪ್ರಬಂಧ ಬರೆದು 1975ರಲ್ಲಿ ಡಾಕ್ಟರೇಟ್ ಪಡೆದರು. 1981ರಲ್ಲಿ 'ರೆಪೊಸಿಟರಿ ಆಫ್ ಸ್ಕೇಲ್ಸ್ ಆ್ಯಂಡ್ ಮೆಲೋಡಿಕ್ ಪ್ಯಾಟರ್ನ್ಸ್' ಎಂಬ ದಪ್ಪ ಪುಸ್ತಕ ತಂದರು. ಹೆಸರೇ ಹೇಳುವಂತೆ ಅದು ಏಣಿಗಳ ಉಗ್ರಾಣ. ಗೆಳೆಯ ಜಾನ್ ಕೋಲ್ಟ್ರೇನ್ ಕೈಯಾರೆ ಬರೆದುಕೊಟ್ಟ ಸ್ವರಚಕ್ರವೊಂದು ಅದರಲ್ಲಿದೆ. 2013ರಲ್ಲಿ ತೀರಿಕೊಳ್ಳುವವರೆಗೂ ಅವರು ಕಲಿಸುವ ಕಸುಬನ್ನು ಬಿಡಲಿಲ್ಲ.

ಜಾಸ್‌ನವರು ಸ್ಕೇಲನ್ನೇ ಮುಂದಿಟ್ಟುಕೊಂಡು ನುಡಿಸಿದ ಪ್ರಸಿದ್ಧ ಉದಾಹರಣೆ 1959ರ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. ಅದರ ಮೊದಲ ರಚನೆ 'ಸೋ ವಾಟ್' ಹದಿನಾರು ಆವರ್ತ ನಮ್ಮ ಖರಹರಪ್ರಿಯದ ಸ್ವರಗಳಲ್ಲಿ ನಡೆದು, ಎಂಟು ಆವರ್ತಕ್ಕೆ ಅದೇ ಏಣಿಯನ್ನು ಅರ್ಧ ಮೆಟ್ಟಿಲು ಮೇಲಕ್ಕೆ ಸರಿಸಿ, ಮತ್ತೆ ಎಂಟು ಆವರ್ತಕ್ಕೆ ಮನೆಗೆ ಮರಳುತ್ತದೆ. ಅಲ್ಲೂ ಆರಂಭದಲ್ಲಿ ಮಂದ್ರದ ದೊಡ್ಡ ತಂತಿವಾದ್ಯ ಪ್ರಶ್ನೆ ಕೇಳುತ್ತದೆ, ಉಳಿದವರು ಎರಡೇ ಸ್ವರಮೇಳದಲ್ಲಿ ಜವಾಬು ಕೊಡುತ್ತಾರೆ.

ಕನ್ನಡನಾಡಿನಲ್ಲಿ ಈ ಎರಡು ಲೋಕಗಳನ್ನು ಉಸಿರಿನಲ್ಲೇ ಬೆಸೆದವರು ಕದ್ರಿ ಗೋಪಾಲನಾಥರು. 1949ರಲ್ಲಿ ಬಂಟ್ವಾಳ ಸೀಮೆಯಲ್ಲಿ ನಾಗಸ್ವರ ಊದುವ ತನಿಯಪ್ಪನವರ ಮಗನಾಗಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದರು. ಗುಂಡಿಗಳ ಈ ವಾದ್ಯದಲ್ಲಿ ಗಮಕ ತರಲು ಅವರು ವರ್ಷಗಟ್ಟಲೆ ಹೆಣಗಿದರು. ಅಂದರೆ ಬ್ಲೂಸಿನವರು ಹುಡುಕಿದ ಅದೇ ಸಂದಿಯ ಸ್ವರವನ್ನು ಇವರು ಬೇರೆ ಬಾಗಿಲಿನಿಂದ ಹುಡುಕಿದರು. 1980ರ ಮುಂಬಯಿಯ ಜಾಸ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರನ್ನು ಕೇಳಿ ಜೊತೆಗೆ ನುಡಿಸಲು ಮುಂದಾದರು. 2008ರಲ್ಲಿ ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ರುದ್ರೇಶ್ ಮಹಂತಪ್ಪ ಜೊತೆ 'ಕಿನ್ಸ್‌ಮೆನ್' ಹೊರಬಂತು. ಹೆಸರಿನ ಅರ್ಥ ನೆಂಟರು. 2019ರ ಅಕ್ಟೋಬರಿನಲ್ಲಿ ಗೋಪಾಲನಾಥರು ಮಂಗಳೂರಿನಲ್ಲಿ ತೀರಿಕೊಂಡರು. ಇದಕ್ಕೂ ಮೊದಲೇ ಬೆಂಗಳೂರಿನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಚಾರ್ಲಿ ಮರಿಯಾನೊ ಎಂಬ ಸ್ಯಾಕ್ಸೊಫೋನ್ ವಾದಕನೊಂದಿಗೆ 1983ರಲ್ಲಿ 'ಜ್ಯೋತಿ' ತಂದಿತ್ತು. ಮರಿಯಾನೊ ನಾಗಸ್ವರವನ್ನೂ ಕಲಿತಿದ್ದ ಮನುಷ್ಯ. ನಮ್ಮ ಬೀದಿಯಲ್ಲಿ ಊದುವವರ ವಾದ್ಯಕ್ಕೆ ಜಾಸ್‌ನವನು ಶಿಷ್ಯನಾದ ಈ ಸುದ್ದಿಯನ್ನು ನನ್ನ ಸೋದರಳಿಯ ನಂಬಲೇ ಇಲ್ಲ.

ಹಾಗಾಗಿ ಈ ಸಲ ವಿರಾಜಪೇಟೆ ಕಡೆಯ ಒಂದು ಮದುವೆಗೆ ಅವನನ್ನು ಕರೆದುಕೊಂಡು ಹೋದೆ. ಊಟದ ಹೊತ್ತಿಗೆ ವಾಲಗದವರು ಹಿತ್ತಿಲ ಕಡೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಹುಡುಗ ಸಂಕೋಚದಿಂದಲೇ ಹಿರಿಯರೊಬ್ಬರ ಬಳಿ ಹೋಗಿ, ನೀವು ನುಡಿಸಿದ್ದು ಯಾವ ಸ್ಕೇಲು ಎಂದು ಕೇಳಿದ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಾನು ವಿವರಿಸಲು ಹೋದೆ, ಇನ್ನಷ್ಟು ಗೋಜಲಾಯಿತು. ಅವರು ಬಾಯಿ ಮುಕ್ಕಳಿಸಿ ಬಂದು ವಾಲಗ ಎತ್ತಿಕೊಂಡರು. ನಾಲ್ಕೈದು ಸ್ವರಗಳ ಒಂದು ತುಣುಕು ಊದಿ ನಿಲ್ಲಿಸಿ ಹುಡುಗನ ಮುಖ ನೋಡಿದರು. ಅವನು ಸುಮ್ಮನಿದ್ದ. ಮತ್ತೆ ಅದನ್ನೇ ಊದಿ, ಗದ್ದ ಎತ್ತಿ ಸನ್ನೆ ಮಾಡಿದರು. ಗಿಟಾರು ಮಡಿಕೇರಿಯಲ್ಲಿತ್ತು. ಹುಡುಗ ಅತ್ತಿತ್ತ ನೋಡಿ, ತುಟಿ ಒದ್ದೆ ಮಾಡಿಕೊಂಡು ಸಿಳ್ಳೆಯಲ್ಲಿ ಅದನ್ನು ಹಿಂದಿರುಗಿಸಿದ. ಕೊನೆಯ ಸ್ವರ ಜಾರಿತು. ಹಿರಿಯರು ನಕ್ಕು, ಆ ಜಾರಿದ ಸ್ವರದಿಂದಲೇ ಮುಂದಿನ ತುಣುಕು ಹಿಡಿದರು.